ಕಿವಿಯಲ್ಲಿ ಚರಿತ್ರೆ, ಕಾಲಡಿಯಲ್ಲಿ ಊರು

ಆಡಿಯೋ ವಾಕ್ ಎಂದರೆ ಕೇಳುತ್ತ ನಡೆಯುವುದು. ಕೇಳುಗರು ಇಯರ್‌ಫೋನ್ ಹಾಕಿಕೊಂಡು ಗೊತ್ತಾದ ದಾರಿಯಲ್ಲಿ ಹೆಜ್ಜೆ ಹಾಕುತ್ತಾರೆ. ದಾರಿಯ ಒಂದೊಂದು ತಿರುವಿಗೂ ಒಂದೊಂದು ಬಾಗಿಲಿಗೂ ಸೇರಿದ ಮಾತು, ಸದ್ದು, ಹಾಡು ಅಲ್ಲಲ್ಲೇ ಕಿವಿಗೆ ಬೀಳುತ್ತವೆ. ಮ್ಯೂಸಿಯಮ್ಮುಗಳಲ್ಲಿ ಕೊಡುವ ಆಡಿಯೋ ಗೈಡ್ ಇದರ ಹಿರಿಯಣ್ಣ. ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲೈಕ್ ಮ್ಯೂಸಿಯಂ 1952ರಲ್ಲೇ ಅಂಥದನ್ನು ಬಳಕೆಗೆ ತಂದಿತ್ತು. ಆದರೆ ಗೈಡ್ ವಿವರಿಸುವುದು ಕಣ್ಣೆದುರಿನ ವಸ್ತುವನ್ನು. ಆಡಿಯೋ ವಾಕ್ ಹೆಚ್ಚಾಗಿ ಹೇಳುವುದು ಕಣ್ಣಿಗೆ ಕಾಣದೆ ಹೋದದ್ದನ್ನು. ಗುಲಾಮಗಿರಿಯ ಚರಿತ್ರೆಗೆ ಈ ಮಾಧ್ಯಮ ಒಗ್ಗಿಬಂದಿರುವುದು ಅದಕ್ಕೇ. ಗುಲಾಮರ ದುಡಿಮೆಯ ಹಣದಲ್ಲಿ ಎದ್ದ ಬಂಗಲೆಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಗುಲಾಮರು ಮಲಗಿದ ಗುಡಿಸಲುಗಳು ಮಣ್ಣಾಗಿವೆ. ಒಡೆಯನ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಆಳಿನ ಹೆಸರು ಉಳಿದಿದ್ದರೆ ಅದು ಒಡೆಯನ ಖರ್ಚಿನ ಲೆಕ್ಕಪುಸ್ತಕದಲ್ಲಿ. ಆ ಲೆಕ್ಕಪುಸ್ತಕದ ಸಾಲನ್ನು ಅದೇ ಬಂಗಲೆಯ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿಸುವುದು ಆಡಿಯೋ ವಾಕ್‌ನ ಕೆಲಸ.

ಇದು ಹೇಗೆ ಸಾಧ್ಯವಾಗುತ್ತದೆ ಎಂದು ತಿಳಿಯಲು ಮೊದಲು ಕಿವಿಯ ಬಗೆಯನ್ನು ನೋಡಬೇಕು. ಕಣ್ಣಿನ ಅಕ್ಷಿಪಟಲದ ಮೇಲೆ ಎದುರಿನ ದೃಶ್ಯವೇ ಮೂಡುತ್ತದೆ. ಎಡದ್ದು ಯಾವುದು ಬಲದ್ದು ಯಾವುದು ಎಂಬುದು ಅಲ್ಲೇ ಗೊತ್ತಾಗುತ್ತದೆ. ಕಿವಿತಮಟೆಗೆ ಆ ಅನುಕೂಲವಿಲ್ಲ. ಬೀದಿಯ ಸದ್ದೆಲ್ಲ ಕಲೆಸಿಕೊಂಡು ಒಂದೇ ಅದುರಾಗಿ ಅದಕ್ಕೆ ತಟ್ಟುತ್ತದೆ. ಎರಡೂ ಕಿವಿಗಳ ವರದಿಯನ್ನು ತಾಳೆ ನೋಡಿ ದಿಕ್ಕನ್ನು ಲೆಕ್ಕ ಹಾಕುವುದು ಮೆದುಳು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಬಲಗಡೆಯಿಂದ ಯಾರಾದರೂ ಕರೆದರೆ ಆ ಕೂಗು ಮೊದಲು ಬಲಗಿವಿಗೆ ಮುಟ್ಟಿ, ತಲೆಯನ್ನು ಬಳಸಿ ಎಡಗಿವಿಗೆ ಬರುವಷ್ಟರಲ್ಲಿ ಸುಮಾರು 650 ಮೈಕ್ರೋಸೆಕೆಂಡ್ ಕಳೆದಿರುತ್ತದೆ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೂ ಕಡಿಮೆ. ನೇರ ಎದುರಿನಿಂದ ಕರೆದರೆ ಈ ಅಂತರ ಸೊನ್ನೆ. ಪಳಗಿದ ಕಿವಿ 10 ಮೈಕ್ರೋಸೆಕೆಂಡಿನಷ್ಟು ಸಣ್ಣ ಅಂತರವನ್ನೂ ಹಿಡಿಯುತ್ತದೆ.

ಹೊತ್ತಿನ ಅಂತರದ ಜೊತೆಗೆ ಜೋರಿನ ಅಂತರವೂ ಇದೆ. ಸಿಳ್ಳೆಯಂಥ ಕೀಚಲು ಸದ್ದಿನ ಅಲೆಗಳು ಚಿಕ್ಕವು. ತಲೆ ಅವಕ್ಕೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ, ಆಚೆಯ ಕಿವಿ ಅದರ ಮರೆಯಲ್ಲಿ ಉಳಿಯುತ್ತದೆ. ಡೋಲಿನಂಥ ಮಂದ್ರ ಸದ್ದಿನ ಅಲೆಗಳು ಉದ್ದ. ಅವು ತಲೆಯನ್ನು ಸುತ್ತುವರಿದು ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ತಲುಪುತ್ತವೆ. ಹಾಗಾಗಿ ಮಂದ್ರಕ್ಕೆ ಹೊತ್ತಿನ ಅಂತರ, ಕೀಚಲಿಗೆ ಜೋರಿನ ಅಂತರ, ಎರಡರ ಗಡಿ ಸುಮಾರು 1,500 ಹರ್ಟ್ಸ್. ಈ ಎರಡು ದಾರಿಯ ಸಿದ್ಧಾಂತವನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲಿ ಮುಂದಿಟ್ಟರು. ಮೇಲೆ ಕೆಳಗೆ, ಹಿಂದೆ ಮುಂದೆ ಎಂಬುದನ್ನು ತಿಳಿಯಲು ಇವೆರಡೂ ಸಾಲವು. ಆ ಕೆಲಸಕ್ಕೆ ಬರುವುದು ಹೊರಗಿವಿಯ ಮಡಿಕೆಗಳು. ಒಂದೊಂದು ದಿಕ್ಕಿನಿಂದ ಬಂದ ಸದ್ದಿನಲ್ಲಿ ಅವು ಒಂದೊಂದು ಬಗೆಯ ಸ್ವರಭಾಗವನ್ನು ಹೆಚ್ಚಿಸಿ, ಇನ್ನೊಂದನ್ನು ತಗ್ಗಿಸುತ್ತವೆ. ಬೆರಳಚ್ಚಿನ ಹಾಗೆ ಈ ಮಡಿಕೆಗಳೂ ಒಬ್ಬರದು ಇನ್ನೊಬ್ಬರಿಗೆ ಹೋಲುವುದಿಲ್ಲ. ಮೆದುಳು ತನ್ನದೇ ಕಿವಿಯ ಆಕಾರವನ್ನು ಬಾಲ್ಯದಿಂದ ಕಲಿತಿರುತ್ತದೆ.

ಕೃತಕ ತಲೆಯೊಂದರ ಎರಡೂ ಕಿವಿಗಳಲ್ಲಿ ಪುಟ್ಟ ಮೈಕ್ ಇಟ್ಟು ಧ್ವನಿಮುದ್ರಣ ಮಾಡಿ, ಅದನ್ನು ಇಯರ್‌ಫೋನಿನಲ್ಲಿ ಕೇಳಿದರೆ ಈ ಎಲ್ಲ ಸುಳಿವುಗಳೂ ಜೊತೆಗೇ ಬರುತ್ತವೆ. ಇದಕ್ಕೆ ಬೈನಾರಲ್ ಎಂದು ಹೆಸರು. ಜೋಡಿಗಿವಿಯ ಮುದ್ರಣ ಎನ್ನಬಹುದು. ಬೇರು ಹಳೆಯದು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾ ಅದೇರ್ ಎಂಬ ಎಂಜಿನಿಯರ್ ಒಪೆರಾ ರಂಗದ ಮೇಲೆ ಸಾಲಾಗಿ ಟೆಲಿಫೋನ್ ಮೈಕುಗಳನ್ನಿಟ್ಟು, ದೂರದ ಕೇಳುಗರ ಎರಡು ಕಿವಿಗೂ ಬೇರೆಬೇರೆ ತಂತಿ ಎಳೆದಿದ್ದರು. ಹಾಡುಗಾರರು ರಂಗದ ಮೇಲೆ ಆಚೀಚೆ ಓಡಾಡುವುದು ಕೇಳುಗರಿಗೆ ಗೊತ್ತಾಗುತ್ತಿತ್ತು. 1973ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ಕೃತಕ ತಲೆಯ ಮೈಕನ್ನು ಮಾರಾಟಕ್ಕೆ ತಂದಿತು. ಬೈನಾರಲ್ ಮುದ್ರಣವನ್ನು ಕಾಲ್ನಡಿಗೆಗೆ ಜೋಡಿಸಿ ಕಲೆಯಾಗಿ ಬೆಳೆಸಿದವರಲ್ಲಿ ಮೊದಲ ಹೆಸರು ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ ಅವರದು. ಅವರ ಮೊದಲ ನಡಿಗೆ 1991ರಲ್ಲಿ ಬ್ಯಾನ್ಫ್‌ನ ಕಾಡಿನಲ್ಲಿ ಸಿದ್ಧವಾಯಿತು. ನಡಿಗೆ ನಡೆಯುವ ಜಾಗದಲ್ಲೇ ಸದ್ದನ್ನು ಮುದ್ರಿಸುವುದು ಅವರ ರೀತಿ. ಆಗ ಹಿಂದಿನಿಂದ ಬರುವ ಹೆಜ್ಜೆ ಸಪ್ಪಳ ಟೇಪಿನದೋ ನಿಜದ್ದೋ ತಿಳಿಯದೆ ಕೇಳುಗರು ತಿರುಗಿ ನೋಡುತ್ತಾರೆ.

ಈ ತಂತ್ರಕ್ಕೆ ಒಂದು ಕೊರತೆ ಇತ್ತು. ಕೇಳುಗರು ತಲೆ ತಿರುಗಿಸಿದರೆ ಧ್ವನಿಯ ಲೋಕವೂ ತಲೆಗೆ ಅಂಟಿಕೊಂಡು ತಿರುಗುತ್ತಿತ್ತು. ಸಹಜವಾಗಿ ಹಾಗಾಗುವುದಿಲ್ಲ, ಮುಂದಿನ ಸದ್ದನ್ನೂ ಹಿಂದಿನ ಸದ್ದನ್ನೂ ಬೇರ್ಪಡಿಸಲು ಮನುಷ್ಯರು ತಮಗೇ ಅರಿವಿಲ್ಲದೆ ತಲೆಯನ್ನು ಚೂರು ಆಡಿಸುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಹಾನ್ಸ್ ವಾಲಾಕ್ 1940ರಲ್ಲಿ ತೋರಿಸಿದ್ದರು. ತಲೆಯ ಚಲನೆ ಅಳೆಯುವ ಸಂವೇದಕಗಳು 2020ರ ಹೊತ್ತಿಗೆ ಜನರ ಕೈಗೆಟಕುವ ಇಯರ್‌ಫೋನುಗಳಲ್ಲೂ ಬಂದವು. ಈಗ ಸದ್ದನ್ನು ಎದುರುಮನೆಯ ಕಿಟಕಿಗೆ ಕಟ್ಟಿಹಾಕಿದರೆ, ಕೇಳುಗರು ಎತ್ತ ತಿರುಗಿದರೂ ಅದು ಆ ಕಿಟಕಿಯಲ್ಲೇ ಇರುತ್ತದೆ.

ಜಾಗಕ್ಕೆ ತಕ್ಕ ಸದ್ದನ್ನು ತಾನಾಗಿ ಹಚ್ಚುವ ಕೆಲಸ ಜಿಪಿಎಸ್‌ನದು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಬರುವ ಸಂಕೇತಗಳ ಹೊತ್ತನ್ನು ಫೋನ್ ಹೋಲಿಸಿ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಕಿವಿಯೂ ಹೊತ್ತಿನ ಅಂತರದಿಂದಲೇ ದಿಕ್ಕು ಹಿಡಿಯುತ್ತದೆಂಬುದನ್ನು ಇಲ್ಲಿ ನೆನೆಯಬಹುದು. 2000ದ ಮೇ ತಿಂಗಳವರೆಗೆ ಅಮೆರಿಕದ ಸೇನೆ ನಾಗರಿಕರ ಜಿಪಿಎಸ್‌ನಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಸ್ಥಾನ ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲಷ್ಟೇ ಒಂದೊಂದು ಮರದ ಬುಡಕ್ಕೂ ಒಂದೊಂದು ಕಥೆಯನ್ನು ಕಟ್ಟುವ ದಾರಿ ತೆರೆಯಿತು.

ಆ ದಾರಿಯಲ್ಲಿ ಮೊದಲು ನಡೆದ ಊರುಗಳಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಒಂದು. 2004ರಲ್ಲಿ ಅಲ್ಲಿನ ಎಚ್‌ಪಿ ಪ್ರಯೋಗಾಲಯ ಮತ್ತು ವಿಶ್ವವಿದ್ಯಾಲಯ ಸೇರಿ ನಡೆಸುತ್ತಿದ್ದ ‘ಮೊಬೈಲ್ ಬ್ರಿಸ್ಟಲ್’ ಯೋಜನೆಯಡಿ ಕ್ವೀನ್ ಸ್ಕ್ವೇರ್ ಎಂಬ ಚೌಕದಲ್ಲಿ ‘ರಯಟ್! 1831’ ಎಂಬ ಧ್ವನಿನಾಟಕ ನಡೆಯಿತು. ಕೇಳುಗರು ಬೆನ್ನಿಗೆ ಪುಟ್ಟ ಚೀಲ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹುಲ್ಲಿನ ಮೇಲೆ ಮನಬಂದಂತೆ ಅಡ್ಡಾಡುತ್ತಿದ್ದರು. ಚೀಲದೊಳಗಿನ ಕೈಗಂಪ್ಯೂಟರ್ ಅವರು ನಿಂತ ಜಾಗ ನೋಡಿ 1831ರ ಅಕ್ಟೋಬರಿನ ದಂಗೆಯ ತುಣುಕುಗಳನ್ನು ಕೇಳಿಸುತ್ತಿತ್ತು. ನಾಟಕದ ವಸ್ತು ಮತದಾನದ ಸುಧಾರಣೆಗಾಗಿ ನಡೆದ ದಂಗೆ, ಗುಲಾಮಗಿರಿ ಅಲ್ಲ. ಆದರೆ ಆ ಚೌಕದ ಸುತ್ತ ಮನೆ ಕಟ್ಟಿಕೊಂಡವರಲ್ಲಿ ಗುಲಾಮರ ವ್ಯಾಪಾರದಿಂದ ಹಣ ಮಾಡಿದವರಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ, ಸಾಗರದಾಚೆ ಜಮೈಕಾದಲ್ಲಿ, ಸ್ಯಾಮ್ಯುಯಲ್ ಶಾರ್ಪ್ ಮುಂದಾಳತ್ವದಲ್ಲಿ ಸಾವಿರಾರು ಗುಲಾಮರು ಬಂಡೆದ್ದರು. ಮತದಾನದ ಸುಧಾರಣೆಯ ಬಳಿಕ ಆಯ್ಕೆಯಾದ ಸಂಸತ್ತು 1833ರಲ್ಲಿ ಗುಲಾಮಗಿರಿ ನಿಷೇಧದ ಕಾಯಿದೆ ತಂದಿತು. ಅದರ ಪ್ರಕಾರ 2 ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ.

ಬ್ರಿಸ್ಟಲ್‌ನ ಗುಲಾಮಗಿರಿ ಚರಿತ್ರೆಗೆ 1998ರಲ್ಲೇ ಅಚ್ಚಿನ ನಡಿಗೆ ಕೈಪಿಡಿ ಬಂದಿತ್ತು. ಆ ಊರಿನ ದಾರಿಯನ್ನು ಕಿವಿಯಿಂದ ನೋಡಿದರೆ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ. 1698ರಿಂದ 1807ರವರೆಗೆ ಅಲ್ಲಿಂದ ಹೊರಟ ಎರಡು ಸಾವಿರಕ್ಕೂ ಹೆಚ್ಚು ಹಡಗು ಯಾನಗಳು ಐದು ಲಕ್ಷದಷ್ಟು ಆಫ್ರಿಕನ್ನರನ್ನು ಸಾಗಿಸಿದವು. ಆದರೆ ಅವರಲ್ಲಿ ಬಹುತೇಕರು ಬ್ರಿಸ್ಟಲನ್ನು ಕಾಣಲೇ ಇಲ್ಲ. ಹಡಗುಗಳು ಹಿತ್ತಾಳೆ, ಬಂದೂಕು, ಬಟ್ಟೆ ತುಂಬಿಕೊಂಡು ಆಫ್ರಿಕಕ್ಕೆ ಹೋಗುತ್ತಿದ್ದವು. ಆ ಬಟ್ಟೆಯಲ್ಲಿ ಭಾರತದ ಹತ್ತಿಬಟ್ಟೆಗೂ ದೊಡ್ಡ ಪಾಲಿತ್ತು. ಅಲ್ಲಿ ಜನರನ್ನು ಕೊಂಡು ಕೆರಿಬಿಯನ್ ದ್ವೀಪಗಳಲ್ಲಿ ಮಾರಿ, ಸಕ್ಕರೆ ಮತ್ತು ರಮ್ ಹೇರಿಕೊಂಡು ಮರಳುತ್ತಿದ್ದವು. ಬಂದರಿನ ಜನ ಕೇಳಿದ್ದು ಪೀಪಾಯಿ ಉರುಳುವ ಸದ್ದು. ಆದ್ದರಿಂದ ಬ್ರಿಸ್ಟಲ್ ದಕ್ಕೆಯ ಮೇಲೆ ನಿಂತ ಕೇಳುಗರ ಕಿವಿಗೆ ಸರಪಳಿಯ ಝಣಝಣ ತುಂಬಿದರೆ ಅದು ಸುಳ್ಳು ಚರಿತ್ರೆ. ಪೀಪಾಯಿ, ತಕ್ಕಡಿ, ಲೆಕ್ಕ ಬರೆಯುವ ಲೇಖನಿ ಇವೇ ಅಲ್ಲಿನ ನಿಜವಾದ ಸದ್ದು. ಅಷ್ಟು ನಿಶ್ಶಬ್ದವಾಗಿ ಆ ಕ್ರೌರ್ಯ ನಡೆದಿತ್ತು ಎಂಬುದೇ ಕೇಳುಗರನ್ನು ತಟ್ಟಬೇಕಾದ ವಿಷಯ.

ಗ್ರೇಟ್ ಜಾರ್ಜ್ ಸ್ಟ್ರೀಟಿನ 7ನೇ ನಂಬರಿನ ಮನೆ ಈಗ ಜಾರ್ಜಿಯನ್ ಹೌಸ್ ಮ್ಯೂಸಿಯಂ. ನೆವಿಸ್ ದ್ವೀಪದಲ್ಲಿ ಕಬ್ಬಿನ ತೋಟವಿದ್ದ ಜಾನ್ ಪಿನ್ನಿ ಇದನ್ನು 1790ರ ಸುಮಾರಿಗೆ ಕಟ್ಟಿಸಿದ. ನೆಲಮಾಳಿಗೆಯಲ್ಲಿ ಅವನು ಮುಳುಗಿ ಮೀಯುತ್ತಿದ್ದ ತಣ್ಣೀರಿನ ಕೊಳ ಹಾಗೇ ಇದೆ. 1765ರಲ್ಲಿ ಅವನು ಪೆರೊ ಎಂಬ 12 ವರ್ಷದ ಹುಡುಗನನ್ನು ಕೊಂಡ. ಜೊತೆಗೆ ಹುಡುಗನ ತಂಗಿಯರಾದ ನ್ಯಾನ್ಸಿ, ಶೀಬಾ ಎಂಬ ಇಬ್ಬರು ಮಕ್ಕಳನ್ನೂ. 1783ರಲ್ಲಿ ಪಿನ್ನಿ ಕುಟುಂಬದ ಜೊತೆ ಪೆರೊ ಬ್ರಿಸ್ಟಲ್‌ಗೆ ಬಂದ, ಒಡೆಯನ ಖಾಸಾ ಸೇವಕನಾಗಿ ದುಡಿದ, 1798ರಲ್ಲಿ ಬಿಡುಗಡೆ ಕಾಣದೆಯೇ ತೀರಿಕೊಂಡ. ಅದೇ ಮನೆಯಲ್ಲಿದ್ದ ದಾದಿ ಫ್ಯಾನಿ ಕೋಕರ್‌ಗೆ 1778ರಲ್ಲೇ ಬಿಡುಗಡೆ ಸಿಕ್ಕಿತ್ತು. ಒಂದೇ ಸೂರಿನಡಿ ಒಬ್ಬಳು ಸ್ವತಂತ್ರೆ, ಒಬ್ಬ ಗುಲಾಮ. ಗುಲಾಮಗಿರಿ, ಬಿಡುಗಡೆ ಎಂಬ ಎರಡು ಪದಗಳ ನಡುವಿನ ಅಂತರವನ್ನು ಅಳೆಯಲು ಆ ಮನೆಯ ಮೆಟ್ಟಿಲಿಗಿಂತ ಬೇರೆ ಜಾಗ ಬೇಕಿಲ್ಲ. ಅಲ್ಲಿಂದ ಇಳಿದು ಬಂದರೆ ನೀರಿನ ಮೇಲೆ 1999ರಲ್ಲಿ ತೆರೆದ, ದೊಡ್ಡ ಕಹಳೆಗಳಂಥ ಎರಡು ಲೋಹದ ಕೊಂಬುಗಳಿರುವ ಕಾಲುಸೇತುವೆ. ಅದಕ್ಕೆ ಪೆರೊನ ಹೆಸರಿಟ್ಟಿದ್ದಾರೆ. 2020ರ ಜೂನ್ 7ರಂದು ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಜನ ಉರುಳಿಸಿಕೊಂಡು ಬಂದು ಎಸೆದದ್ದು ಈ ಸೇತುವೆಯ ಪಕ್ಕದ ನೀರಿಗೆ.

ಥಾಮಸ್ ಲೇನ್ ಎಂಬ ಓಣಿಯಲ್ಲಿ ಸೆವೆನ್ ಸ್ಟಾರ್ಸ್ ಎಂಬ ಪಬ್ ಇದೆ. 1787ರಲ್ಲಿ ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣ ಗುಲಾಮರ ವ್ಯಾಪಾರದ ವಿರುದ್ಧ ಸಾಕ್ಷ್ಯ ಹುಡುಕುತ್ತ ಇಲ್ಲಿಗೆ ಬಂದಿದ್ದ. ಪಬ್ಬಿನ ಮಾಲೀಕ ಥಾಂಪ್ಸನ್ ಅವನನ್ನು ನಡುರಾತ್ರಿ ಹೆಂಡದಂಗಡಿಯಿಂದ ಹೆಂಡದಂಗಡಿಗೆ ಕರೆದೊಯ್ದು, ನಾವಿಕರಿಗೆ ಕುಡಿಸಿ ಮಂಕು ಮಾಡಿ ಗುಲಾಮರ ಹಡಗಿಗೆ ಹತ್ತಿಸುವುದನ್ನು ತೋರಿಸಿದ. ನಾವಿಕರ ಮಾತನ್ನು ಕ್ಲಾರ್ಕ್‌ಸನ್ ಕೇಳಿ ಬರೆದುಕೊಂಡ. ಅವನು ಮಾಡಿದ್ದೂ ಕೇಳುತ್ತ ನಡೆಯುವ ಕೆಲಸವನ್ನೇ. ಆ ಟಿಪ್ಪಣಿಗಳು ಸಂಸತ್ತಿನ ಮುಂದೆ ಹೋದವು.

ಇಂಥ ಓಣಿಗಳಲ್ಲಿ ಜಿಪಿಎಸ್ ತಡವರಿಸುತ್ತದೆ. ಬಯಲಿನಲ್ಲಿ ಫೋನಿನ ಅಂದಾಜು ಐದಾರು ಮೀಟರಿನೊಳಗೆ ಇರುತ್ತದೆ. ಎತ್ತರದ ಗೋಡೆಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಡವಾಗಿ ಬರುವುದರಿಂದ ಲೆಕ್ಕ ತಪ್ಪುತ್ತದೆ. ತಿಂಡಿ ಅಂಗಡಿ ಹುಡುಕುವವರಿಗೆ ಇದು ದೊಡ್ಡ ತೊಂದರೆಯಲ್ಲ. ಗುಲಾಮರನ್ನಿಟ್ಟುಕೊಂಡಿದ್ದ ಮನೆಯ ಕಥೆ ಪಕ್ಕದ ಮನೆಯ ಮುಂದೆ ಕೇಳಿದರೆ ಮಾತ್ರ ಅದು ಆರೋಪವಾಗಿಬಿಡುತ್ತದೆ. ಅಂಥ ಕಡೆ ಬಾಗಿಲ ಬಣ್ಣವನ್ನೋ ದೀಪದ ಕಂಬವನ್ನೋ ಗುರುತಾಗಿ ಹೇಳಿ, ಅಲ್ಲಿ ನಿಂತ ಮೇಲೆ ಗುಂಡಿ ಒತ್ತಲು ಕೇಳುವುದು ಹೆಚ್ಚು ಪ್ರಾಮಾಣಿಕ ದಾರಿ.

ಸದ್ದಿನ ಭೌತವಿಜ್ಞಾನ ಚರಿತ್ರೆಯ ತಪ್ಪನ್ನೂ ತೋರಿಸಿಕೊಡುತ್ತದೆ. ಸಿನಿಮಾಗಳಲ್ಲಿ ಗುಲಾಮರ ಹಡಗಿನ ಒಡಲು ಗವಿಯ ಹಾಗೆ ಮಾರ್ದನಿಸುವುದುಂಟು. ಲಿವರ್‌ಪೂಲಿನ ಬ್ರೂಕ್ಸ್ ಹಡಗಿನ ಅಳತೆಗಳು ನಮ್ಮ ಮುಂದಿವೆ. ಗುಲಾಮಗಿರಿ ವಿರೋಧಿಗಳು 1788–89ರಲ್ಲಿ ಅದರ ನಕ್ಷೆಯನ್ನು ಅಚ್ಚು ಮಾಡಿ ಹಂಚಿದ್ದರು. ಗಂಡಸೊಬ್ಬನಿಗೆ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲ. ಎರಡು ಅಟ್ಟಗಳ ನಡುವಿನ ಎತ್ತರ 5 ಅಡಿ 8 ಅಂಗುಲ. ಅದರ ನಡುವೆಯೂ ಹಲಗೆ ಹೊಡೆದು ಇನ್ನೊಂದು ಸಾಲು ಜನ. ಹಡಗಿಗೆ ಎಷ್ಟು ಜನ ಎಂದು ಮಿತಿ ಹಾಕಿದ ಆ ಕಾಲದ ಕಾಯಿದೆ ಈ ಹಡಗಿಗೆ ಒಪ್ಪಿದ್ದು 454 ಜನರನ್ನು. ಕಾಯಿದೆಗೆ ಮುಂಚೆ ಅದೇ ಹಡಗು 600ಕ್ಕೂ ಹೆಚ್ಚು ಜನರನ್ನು ಸಾಗಿಸಿತ್ತು. ಮನುಷ್ಯರ ಮೈ ಸದ್ದನ್ನು ಹೀರುತ್ತದೆ. ತಗ್ಗು ಚಾವಣಿಯಡಿ ಮೈಗೆ ಮೈ ತಾಗಿ ಮಲಗಿರುವಾಗ ಮಾರ್ದನಿಗೆ ಎಡೆಯೇ ಇಲ್ಲ. ಅಲ್ಲಿನ ಉಸಿರು, ಕೆಮ್ಮು, ನರಳಾಟ ಎಲ್ಲ ಒಣಗಿದ ಸದ್ದಾಗಿ, ಕಿವಿಯ ಪಕ್ಕದಲ್ಲೇ ಕೇಳಿರಬೇಕು. ಘಾನಾದ ಕೇಪ್ ಕೋಸ್ಟ್ ಕೋಟೆಯ ಕಲ್ಲಿನ ಕಮಾನುಗಳ ಕತ್ತಲೆಕೋಣೆ ಬೇರೆ: ಅಲ್ಲಿ ಕಲ್ಲು ಸದ್ದನ್ನು ಹಿಂದಕ್ಕೆ ಎಸೆಯುತ್ತದೆ. ಈ ವ್ಯತ್ಯಾಸ ಅರಿಯದೆ ಎಲ್ಲಕ್ಕೂ ಒಂದೇ ಮಾರ್ದನಿ ಬಳಿಯುವುದು ಸತ್ತವರಿಗೆ ಮಾಡುವ ಅನ್ಯಾಯ.

ಬಿಡುಗಡೆಯ ಚರಿತ್ರೆಯಲ್ಲಿ ಕಿವಿಯೇ ಆಯುಧವಾದ ಕಡೆಯೂ ಇದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿ ಹ್ಯಾರಿಯೆಟ್ ಟಬ್‌ಮನ್ ಹುಟ್ಟಿದ ನೆಲ. 1822ರ ಸುಮಾರಿಗೆ ಗುಲಾಮಳಾಗಿ ಹುಟ್ಟಿದ ಆಕೆ 1849ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋದಳು. ಆಮೇಲೆ ಸುಮಾರು 13 ಸಲ ಮರಳಿ ಬಂದು 70ರಷ್ಟು ಜನರನ್ನು ಬಿಡಿಸಿಕೊಂಡು ಹೋದಳು. ಇಂದು ಅಲ್ಲಿ ಸುಮಾರು 200 ಕಿಲೋಮೀಟರ್ ಉದ್ದದ ಸ್ಮಾರಕ ಮಾರ್ಗವಿದ್ದು, ಅದಕ್ಕೆ ಆಡಿಯೋ ಗೈಡ್ ಇದೆ. ದಾರಿ ಉದ್ದವಾದ್ದರಿಂದ ನಡುವೆ ಕಾರಿನ ಪಯಣ, ತಾಣಗಳಲ್ಲಿ ನಡಿಗೆ. ಬಕ್‌ಟೌನ್ ಅಂಗಡಿಯ ಬಳಿ ಹುಡುಗಿಯಾಗಿದ್ದ ಟಬ್‌ಮನ್ ತಲೆಗೆ, ಮೇಲ್ವಿಚಾರಕ ಬೇರೊಬ್ಬನತ್ತ ಎಸೆದ ತೂಕದ ಬಟ್ಟು ಬಡಿದಿತ್ತು; ಆ ಪೆಟ್ಟು ಜೀವಮಾನವಿಡೀ ಕಾಡಿತು. ಅವಳ ತಂದೆ ಬೆನ್ ರಾಸ್‌ನ ಗುಡಿಸಲು ಇದ್ದ ಜಾಗವನ್ನು ಬ್ಲ್ಯಾಕ್‌ವಾಟರ್ ಜೌಗಿನಲ್ಲಿ ಪುರಾತತ್ವಜ್ಞರು ಗುರುತಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ನಿಂತ ಗೋಡೆ ಅಲ್ಲಿ ಒಂದೂ ಇಲ್ಲ. ಜೌಗಿನ ಗಾಳಿ, ಹಕ್ಕಿಗಳ ಸದ್ದು ಇವೆ.

ಟಬ್‌ಮನ್ ನಡೆದದ್ದು ರಾತ್ರಿಯಲ್ಲಿ, ಅದೂ ಹೆಚ್ಚಾಗಿ ಇರುಳು ಉದ್ದವಾದ ಚಳಿಗಾಲದಲ್ಲಿ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಸದ್ದು ತುಸು ಬೇಗ ಸಾಗುವುದರಿಂದ ಮೇಲಕ್ಕೆ ಹೋಗುವ ಅಲೆ ಬಾಗಿ ಮತ್ತೆ ನೆಲಕ್ಕೆ ಮರಳುತ್ತದೆ. ಹಗಲಿನಲ್ಲಿ ಕೇಳದ ದೂರದ ರೈಲು ರಾತ್ರಿ ಕೇಳುವುದು ಈ ಕಾರಣದಿಂದ. ಓಡಿಹೋಗುವವರಿಗೆ ಇದು ಎರಡು ಅಲಗಿನ ಕತ್ತಿ: ಬೆನ್ನಟ್ಟುವ ನಾಯಿ, ಕುದುರೆಗಳ ಸದ್ದು ಬೇಗ ಕೇಳುತ್ತದೆ, ತಮ್ಮ ಮಗುವಿನ ಅಳುವೂ ದೂರ ಹೋಗುತ್ತದೆ. ಅಡಗಿದ್ದವರಿಗೆ ಅಪಾಯ ಇದೆಯೋ ಇಲ್ಲವೋ ಎಂಬುದನ್ನು ಟಬ್‌ಮನ್ ಹಾಡಿನಿಂದ ತಿಳಿಸುತ್ತಿದ್ದಳೆಂದು 1869ರಲ್ಲಿ ಅವಳ ಜೀವನಚರಿತ್ರೆ ಬರೆದ ಸಾರಾ ಬ್ರಾಡ್‌ಫರ್ಡ್ ದಾಖಲಿಸಿದ್ದಾರೆ. ಹೊಲದಲ್ಲಿ ಹಾಡು ಕೇಳಿದರೆ ಒಡೆಯರಿಗೆ ಅದು ಬರೀ ಹಾಡು.

ಆಡಿಯೋ ವಾಕ್ ನೆಚ್ಚಿಕೊಂಡಿರುವ ಸ್ಥಳ ಮತ್ತು ನೆನಪಿನ ನಂಟಿಗೆ ಮೆದುಳಿನಲ್ಲೂ ಆಧಾರವಿದೆ. ಹಿಪೊಕ್ಯಾಂಪಸ್ ಎಂಬ ಭಾಗದ ಕೆಲವು ಕೋಶಗಳು ಪ್ರಾಣಿ ಒಂದು ಗೊತ್ತಾದ ಜಾಗದಲ್ಲಿದ್ದಾಗ ಮಾತ್ರ ಮಿಡಿಯುತ್ತವೆ ಎಂದು ನರವಿಜ್ಞಾನಿ ಜಾನ್ ಒ’ಕೀಫ್ 1971ರಲ್ಲಿ ಇಲಿಗಳಲ್ಲಿ ಕಂಡರು. 2014ರಲ್ಲಿ ಅವರಿಗೆ ನೊಬೆಲ್ ಬಂತು. ನಡೆದ ಘಟನೆಗಳ ನೆನಪನ್ನು ಕಟ್ಟಿಕೊಡುವುದೂ ಅದೇ ಭಾಗ.

ಉಳಿದದ್ದು ಕಠಿಣ ಪ್ರಶ್ನೆ: ಯಾರ ದನಿ? ಪೆರೊನ ದನಿ ಎಲ್ಲಿಯೂ ಇಲ್ಲ, ಅವನು ಬರೆದ ಸಾಲೂ ಇಲ್ಲ. ನಟನೊಬ್ಬ ಅವನಾಗಿ ಮಾತಾಡಿದರೆ ಅದು ನಟನ ಕಲ್ಪನೆ ಎಂಬುದು ಕೇಳುಗರಿಗೆ ಗೊತ್ತಾಗಬೇಕು. ಚಾಟಿಯೇಟಿನ ಸದ್ದು ಹಾಕಿ ಕೇಳುಗರನ್ನು ಗುಲಾಮರ ಜಾಗದಲ್ಲಿ ನಿಲ್ಲಿಸುತ್ತೇವೆನ್ನುವ ನಡಿಗೆಗಳು ನೋವನ್ನು ತಮಾಷೆಗೆ ಇಳಿಸುತ್ತವೆ. ಹತ್ತು ನಿಮಿಷದ ಇಯರ್‌ಫೋನ್ ಯಾರ ಬದುಕನ್ನೂ ಯಾರಿಗೂ ಕೊಡಲಾರದು. ದಾಖಲೆಯನ್ನು ಇದ್ದ ಹಾಗೆ ಓದಿ, ಕೆಲಹೊತ್ತು ಏನನ್ನೂ ಕೇಳಿಸದೆ ಬಿಡುವ ನಡಿಗೆ ಅದಕ್ಕಿಂತ ಆಳಕ್ಕೆ ಹೋಗುತ್ತದೆ.

ನಿಜವಾದ ದನಿಗಳೂ ಕೆಲವಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಗುಲಾಮರಾಗಿ ಹುಟ್ಟಿದ 23 ಜನರ ಮಾತಿನ ಧ್ವನಿಮುದ್ರಣಗಳಿವೆ. 1932ರಿಂದ 1975ರ ನಡುವೆ ಒಂಬತ್ತು ರಾಜ್ಯಗಳಲ್ಲಿ ಮುದ್ರಿಸಿದ, ಒಟ್ಟು ಏಳು ಗಂಟೆಗೆ ಸಮೀಪದ ಸಂಗ್ರಹ. ಅದರಲ್ಲಿ 1949ರ ಜೂನ್‌ನಲ್ಲಿ ಬಾಲ್ಟಿಮೋರಿನಲ್ಲಿ ಮಾತಾಡಿದ ಫೌಂಟನ್ ಹ್ಯೂಸ್ ತನ್ನ ವಯಸ್ಸು 101 ಎನ್ನುತ್ತಾನೆ. ತನ್ನ ಅಜ್ಜ ಥಾಮಸ್ ಜೆಫರ್‌ಸನ್‌ನ ಆಳಾಗಿದ್ದನೆಂದು ಹೇಳುತ್ತಾನೆ. ಒಡೆಯನ ಚೀಟಿ ಇಲ್ಲದೆ ಎಲ್ಲಿಗೂ ಹೋಗುವಂತಿರಲಿಲ್ಲವೆಂದು ನೆನೆಯುತ್ತಾನೆ. ಅದೇ ಉಸಿರಿನಲ್ಲಿ, ಸಾಲದ ಮೇಲೆ ಸಾಮಾನು ಕೊಳ್ಳಬಾರದು, ದುಡ್ಡು ಕೂಡುವವರೆಗೆ ಕಾಯಬೇಕು ಎಂದು ಬಹಳ ಹೊತ್ತು ಬುದ್ಧಿ ಹೇಳುತ್ತಾನೆ. ಯಾವ ನಾಟಕಕಾರನಿಗೂ ಹೊಳೆಯದ ಮಾತು ಅದು. ಕೇಳುಗರಿಗೆ ಎದುರಾಗುವುದು ಮನೆಯ ಹಿರಿಯನೊಬ್ಬ.

ಈ ಚರಿತ್ರೆ ನಮ್ಮ ನೆಲದ್ದೂ ಹೌದು. 1833ರ ಬ್ರಿಟಿಷ್ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿತ್ತು. ಭಾರತದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆ ಹೋದದ್ದು 1843ರಲ್ಲಿ. ಪೋರ್ಚುಗೀಸರ ಹಡಗುಗಳು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ಘಟ್ಟದ ಕಾಡು ಸೇರಿದರು. ಅವರ ವಂಶದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಸಿದ್ದಿಗಳು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಡಮಾಮಿ ಡೋಲಿನ ಸದ್ದು ಇಂದಿಗೂ ಆ ಕಾಡಂಚಿನ ಊರುಗಳಲ್ಲಿ ಕೇಳುತ್ತದೆ, ಹಾಡಬಲ್ಲ ಹಿರಿಯರು ಇದ್ದಾರೆ. ಉತ್ತರ ಕನ್ನಡದ ಆ ದಾರಿಗಳಿಗೆ ಕೇಳುನಡಿಗೆ ಕಟ್ಟುವವರು ನಟರನ್ನು ಹುಡುಕುವ ಮೊದಲು ಆ ಹಿರಿಯರ ಮನೆಬಾಗಿಲಿಗೆ ಹೋಗಲಿ. ಅವರು ಒಪ್ಪಿ ಕೊಟ್ಟ ಮಾತು, ಹಾಡುಗಳನ್ನು ಅವರ ಹೆಸರಿನಲ್ಲೇ ಉಳಿಸಲಿ.